ಎಡಗಾಲಿನ ಜೋರ್ಡನ್

ಫೋನು ಬಂದಾಗ ಅಂಜಿನಿ ಒಂದು ಹೊಸ ಪ್ಯಾಂಟಿನ ಮೊಣಕಾಲನ್ನು ಹರಿಯುತ್ತಿದ್ದ. ಬಳ್ಳಾರಿಯ ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿರುವ ಜೀನ್ಸ್ ಘಟಕದಲ್ಲಿ ಅವನು ಸೂಪರ್‌ವೈಸರ್. ಹೊಲಿಗೆ ಮುಗಿದು, ಗುಂಡಿ ಬಿದ್ದು ಅವನ ಟೇಬಲ್ಲಿಗೆ ಬಂದ ಪ್ಯಾಂಟು ಅಲ್ಲಿಂದ ಎದ್ದು ಹೋಗುವಾಗ, ಯಾರೋ ಅದನ್ನು ವರ್ಷಗಟ್ಟಲೆ ಹಾಕಿ, ಬಂಡೆಯ ಮೇಲೆ ಕೂತು, ಬೈಕಿನಿಂದ ಬಿದ್ದು, ಒಗೆದು ಒಗೆದು ಬೇಜಾರಾಗಿ ಬಿಸುಟಂತೆ ಕಾಣಬೇಕು. ಅದು ಅವನ ವಿಭಾಗ. ತೊಡೆಯ ಮೇಲೆ ಎಲ್ಲಿ ಬಣ್ಣ ಹೋಗಿರಬೇಕು, ಜೇಬಿನ ಅಂಚು ಎಷ್ಟು ಸವೆದಿರಬೇಕು, ಹರಕಿನಲ್ಲಿ ಬಿಳಿ ನೂಲು ಎಷ್ಟು ಉಳಿದರೆ ದೆಹಲಿಯ ಗಿರಾಕಿ ಒಪ್ಪುತ್ತಾನೆ ಎಂಬುದೆಲ್ಲ ಅವನ ಕೈಗೇ ಗೊತ್ತಿತ್ತು. ಬಲಗೈಯಲ್ಲಿ ಬ್ಲೇಡು, ಎಡಗೈಯಲ್ಲಿ ಫೋನು, ಮನಸ್ಸಿನಲ್ಲಿ ಬೆಳಿಗ್ಗೆ ಹೆಂಡತಿ ದುರ್ಗಾದೇವಿ ಇಡ್ಲಿಗೆ ಚಟ್ನಿಯ ಬದಲು ಉಪ್ಪಿನಕಾಯಿ ಬಡಿಸಿದ್ದು ಸಿಟ್ಟಿನಿಂದಲೋ ಮರೆವಿನಿಂದಲೋ ಎಂಬ ಸಣ್ಣ ಸಂಶಯ. ಫೋನಿನಲ್ಲಿ ಇದ್ದವಳು ಅತ್ತೆ ಉಚ್ಚೆಂಗೆಮ್ಮ, ಸಿರುಗುಪ್ಪ ತಾಲ್ಲೂಕಿನ ಕರೂರಿನಿಂದ.

"ನಾಷ್ಟಾ ಆತೇನ್ರಿ ಅಳಿಯಾರ?"

"ಆತ್ರಿ ಅತ್ತಿ. ಹೇಳ್ರಿ."

"ಏನಿಲ್ಲ, ಒಂದು ಮಾತು ಕೇಳಾದಿತ್ತು. ಅಟ್ಟದ ಮ್ಯಾಲೆ ಡಬ್ಬಿಯಾಗ ನಿಮ್ಮ ಹಳೇ ಬೂಟು ಇದ್ವಲ್ಲ, ಅದರಾಗ ಎಡಗಾಲಿಂದು ಮಷಿನ್ನಿಗೆ ಕಟ್ಟೀವಿ, ದೃಷ್ಟಿಗೆ. ಭಾಳ ಚಲೋ ಆಗೈತಿ. ಈಗ ಬಲಗಾಲಿಂದು ಟ್ರ್ಯಾಕ್ಟರಿಗೆ ಕಟ್ಟಾಮು ಅಂತಾರ ನಿಮ್ಮ ಮಾವಾರು. ನಾನೇ ಅಂದೆ, ಅಳಿಯಾರ ಸಾಮಾನು, ಕೇಳದಂಗ ಕಟ್ಟಬಾರದು ಅಂತ."

ಅಂಜಿನಿ "ಹೂಂ" ಎಂದ. ಅದು ಒಪ್ಪಿಗೆಯ ಹೂಂ ಆಗಿರಲಿಲ್ಲ, ಗಂಟಲಿನಿಂದ ತಾನಾಗಿ ಹೊರಬಿದ್ದ ಗಾಳಿ. ಅತ್ತೆ ಅದನ್ನು ಒಪ್ಪಿಗೆಯೆಂದೇ ತಿಳಿದುಬಿಟ್ಟಾಳೆಂದು ಹೆದರಿ, "ಬಲಗಾಲಿಂದು ಈಗ ಬ್ಯಾಡ್ರಿ, ನಾನ ಬರತೀನಿ" ಎಂದ. ಎಡಗಾಲಿನದನ್ನು ಕಟ್ಟಿದ ಮಷಿನ್ ಎಲ್ಲಿದೆಯೆಂದು ಕೇಳಿದರೆ, ಭತ್ತ ಕೊಯ್ಯಲು ದೇಶನೂರಿಗೆ ಹೋಗಿದೆ, ಮಾವನೂ ಅಲ್ಲೇ ಇದ್ದಾರೆ ಎಂಬ ಉತ್ತರ ಬಂತು. ಅಳಿಯ ಕೆಲಸದ ದಿನ ತಾನಾಗಿ ಬರುತ್ತೇನೆಂದದ್ದಕ್ಕೆ ಉಚ್ಚೆಂಗೆಮ್ಮನಿಗೆ ಎಷ್ಟು ಸಂತೋಷವಾಯಿತೆಂದರೆ ಕೋಳಿ ಕೊಯ್ಯಿಸುವ ಮಾತಾಡಿ ಫೋನಿಟ್ಟಳು. ಆಗ ನೋಡಿಕೊಂಡರೆ ಬ್ಲೇಡು ಮೊಣಕಾಲು ದಾಟಿ, ಮೀನಖಂಡ ದಾಟಿ, ಪ್ಯಾಂಟಿನ ಕೊನೆಯ ಹೊಲಿಗೆಯವರೆಗೆ ಇಳಿದುಹೋಗಿತ್ತು. ಪಕ್ಕದ ಕಟಿಂಗ್ ಟೇಬಲ್ಲಿನ ಶೇಖರ್ ಅದನ್ನು ಎತ್ತಿ ಬೆಳಕಿಗೆ ಹಿಡಿದು, "ಇದೇನು ಹೊಸಾ ಡಿಸೈನಾ?" ಎಂದು ಗಂಭೀರವಾಗಿಯೇ ಕೇಳಿದ. ಅಂಜಿನಿ ಹೌದೆಂದು ಹೇಳಿ ರಜೆ ಹಾಕಿದ.

ಹಳೇ ಬೂಟು. ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೂ ಆ ಮಾತು ಕಿವಿಯಿಂದ ಇಳಿಯಲಿಲ್ಲ. ಅತ್ತೆಯದೇನು ತಪ್ಪು, ಅವಳ ಕಣ್ಣಿಗೆ ಕಂಡದ್ದು ಅದು. ಹೊಸ ಲಾರಿಯ ಹಿಂದೆ, ಕಟ್ಟುತ್ತಿರುವ ಮನೆಯ ಮುಂದೆ ಹಳೆಯ ಚಪ್ಪಲಿ ತಲೆಕೆಳಗಾಗಿ ತೂಗುವುದನ್ನು ಅಂಜಿನಿ ಹುಟ್ಟಿದಾಗಿನಿಂದ ನೋಡಿದ್ದ. ಅದು ಯಾರ ಚಪ್ಪಲಿ, ಕಟ್ಟುವಾಗ ಆ ಮನುಷ್ಯನನ್ನು ಕೇಳಿದ್ದರೇ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಯೋಚನೆ ಬರುತ್ತಿತ್ತು. ತೂಗಾಡುತ್ತಿರುವುದು ಸಾಧಾರಣ ಬೂಟಲ್ಲ, ಜೋರ್ಡನ್ ಒನ್. ಜೋರ್ಡನ್ ಎಂಬ ಆಟಗಾರನ ಹೆಸರು ಹೊತ್ತು ಸಾವಿರದ ಒಂಬೈನೂರ ಎಂಬತ್ತೈದರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ಬ್ಯಾಸ್ಕೆಟ್‌ಬಾಲ್ ಶೂಗಳ ವಂಶದ ಮೂಲಪುರುಷ. ಆಟಗಾರರ ಕಾಲಲ್ಲಿ ಬಿಳಿಯೇ ಹೆಚ್ಚು ಕಾಣಬೇಕೆಂದು ಹಟ ಹಿಡಿದಿದ್ದ ಲೀಗಿನವರು ಕೆಂಪು ಕಪ್ಪು ಬಣ್ಣಕ್ಕೆ ತಕರಾರು ತೆಗೆದರಂತೆ, ಕಂಪನಿ ಆ ತಕರಾರನ್ನೇ ಜಾಹೀರಾತು ಮಾಡಿ ಮಾರಿತಂತೆ. ತಕರಾರು ಬಂದದ್ದು ಇದಕ್ಕಲ್ಲ, ಅದೇ ಬಣ್ಣದ ಬೇರೊಂದು ಶೂಗೆ ಎಂದು ವಾದಿಸುವವರೂ ಇದ್ದಾರೆ. ಅಂಥವರೊಡನೆ ಅಂಜಿನಿ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಜಗಳವಾಡಿ ಒಂದು ಗುಂಪಿನಿಂದ ಹೊರಬಿದ್ದಿದ್ದ. ಒಂದರ ನಂತರ ಎರಡು ಬಂತು, ಆನೆಯ ಚರ್ಮದ ಗೆರೆಗಳ ಮೂರು ಬಂತು, ನಾಲ್ಕು, ಐದು, ಸುತ್ತಲೂ ಮಿರಮಿರ ಹೊಳೆಯುವ ಹನ್ನೊಂದು ಬಂತು. ಜನ ಅಂಗಡಿಯ ಮುಂದೆ ಬೀದಿಯಲ್ಲಿ ಮಲಗಿ ಕೊಂಡರು, ಕೊಂಡು ಹಾಕಿಕೊಳ್ಳದೆ ಡಬ್ಬಿಯಲ್ಲಿಟ್ಟರು, ಡಬ್ಬಿಯಲ್ಲೇ ಇಟ್ಟ ಹಳೆಯ ಜೋಡಿಗಳ ಅಡಿ ಎಷ್ಟೋ ವರ್ಷದ ಮೇಲೆ ತೆಗೆದು ನೋಡಿದರೆ ರವೆಯ ಹಾಗೆ ಉದುರಿತು. ಉದುರುವುದು ತೇವದಿಂದಲೋ ಒಣಗಿದ್ದರಿಂದಲೋ ಎಂಬುದರ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ಈ ವಂಶಾವಳಿಯೆಲ್ಲ ಅಂಜಿನಿಗೆ ಬಾಯಿಪಾಠ. ತನ್ನ ಮುತ್ತಜ್ಜನ ಹೆಸರು ಕೇಳಿದರೆ ಮಾತ್ರ ಅವನು ಹೆಂಡತಿಯ ಮುಖ ನೋಡುತ್ತಾನೆ.

ಇಷ್ಟಕ್ಕೂ ಈ ಹುಚ್ಚು ಹತ್ತಿದ್ದು ಒಂದು ಅವಮಾನದಿಂದ. ಕಾಲೇಜಿನಲ್ಲಿದ್ದಾಗ ಅವನು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ ಎಂದು ಅವನೇ ಹೇಳುತ್ತಾನೆ. ಕಾಲೇಜುಗಳ ನಡುವಿನ ಪಂದ್ಯದ ಕೊನೆಯ ಗಳಿಗೆಯಲ್ಲಿ ಚೆಂಡು ಹಿಡಿದು ಹಾರಿದಾಗ ಅವನ ಬಲಗಾಲಿನ ಕ್ಯಾನ್ವಾಸ್ ಬೂಟು ಕಳಚಿಕೊಂಡು ತಾನೂ ಹಾರಿತು. ಚೆಂಡು ಎಲ್ಲೋ ಹೋಯಿತು, ಬೂಟು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಒಂದು ಕ್ಷಣ ಅಲ್ಲೇ ಕೂತು, ಒಳಗೆ ಬೀಳಲೋ ಹೊರಗೆ ಬೀಳಲೋ ಎಂದು ಯೋಚಿಸಿ ಹೊರಗೆ ಬಿತ್ತು. ಜನ ಬೂಟಿಗೆ ಚಪ್ಪಾಳೆ ತಟ್ಟಿದರು. ಆಮೇಲೆ ಓದು ಮುಗಿಯುವವರೆಗೂ ಅವನು ಬೂಟಂಜಿನಿ. ನಲವತ್ತು ದಾಟಿ, ತಲೆ ನೆರೆತು, ಸೂಪರ್‌ವೈಸರಾದ ಮೇಲೂ ಆ ಚಪ್ಪಾಳೆ ಒಮ್ಮೊಮ್ಮೆ ಸ್ನಾನದ ಮನೆಯಲ್ಲಿ ನೀರು ಸುರಿದುಕೊಳ್ಳುವಾಗ ಕೇಳಿಸುತ್ತಿತ್ತು. ಕೆಲವು ವರ್ಷದ ಹಿಂದೆ ಕಂಪನಿಯವರು ಆ ಮೊದಲ ಜೋಡಿಯನ್ನೇ ಮತ್ತೆ ತಂದಾಗ, ಕೊಳ್ಳುವವರು ಜಾಸ್ತಿಯೆಂದು ಮೊಬೈಲಿನಲ್ಲಿ ಚೀಟಿ ಎತ್ತಿದರು. ಅಂಜಿನಿಯ ಹೆಸರು ಬಂತು. ಜೀವಮಾನದಲ್ಲಿ ಅವನಿಗೆ ಯಾವ ಚೀಟಿಯೂ ಎದ್ದಿರಲಿಲ್ಲ, ಓಣಿಯ ಗಣಪತಿಯ ಲಾಟರಿಯಲ್ಲಿ ಸ್ಟೀಲ್ ಡಬ್ಬಿ ಕೂಡ. ಬೂಟು ಬಂದ ದಿನ ಅವನು ಘಟಕದ ಗೋದಾಮಿನಲ್ಲಿ ಬಾಗಿಲು ಹಾಕಿಕೊಂಡು ಡಬ್ಬಿ ತೆರೆದು ಸ್ವಲ್ಪ ಹೊತ್ತು ಅತ್ತ.

ಆದರೆ ಅದರಲ್ಲಿ ಒಂದು ವಿಚಿತ್ರವಿತ್ತು. ಕಂಪನಿಯವರು ಅದನ್ನು ಹಳೆಯದಾಗಿ ಕಾಣುವಂತೆಯೇ ಮಾಡಿ ಕಳಿಸಿದ್ದರು. ಕಣಕಾಲಿನ ಸುತ್ತಲಿನ ಕಪ್ಪು ಚರ್ಮ ಬೇಕೆಂದೇ ಬಿರುಕು ಬಿಟ್ಟಿತ್ತು, ಅಡಿಯ ಬಿಳಿ ಬೇಕೆಂದೇ ಹಳದಿಗೆ ತಿರುಗಿತ್ತು, ಡಬ್ಬಿಯ ಮುಚ್ಚಳ ಬೇರೆ ಯಾವುದೋ ಡಬ್ಬಿಯದು ತಪ್ಪಿ ಬಂದಂತೆ ಹೊಂದುತ್ತಲೇ ಇರಲಿಲ್ಲ. ಎಂಬತ್ತೈದರಲ್ಲಿ ಯಾವುದೋ ಅಂಗಡಿಯ ಮೂಲೆಯಲ್ಲಿ ಕಳೆದುಹೋದ ಜೋಡಿ ಈಗ ಸಿಕ್ಕಿತು ಎಂಬ ಆಟ. ಅಂಜಿನಿ ಅದನ್ನು ನೋಡಿ, ಇಷ್ಟು ದೂರದಲ್ಲಿ ಯಾರೋ ತನ್ನದೇ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದಾರಲ್ಲ ಎಂದು ಅಣ್ಣತಮ್ಮಂದಿರ ಸಲಿಗೆಯಿಂದ ಸಂತೋಷಪಟ್ಟಿದ್ದ. ಆ ಸಂತೋಷ ಇವತ್ತು ಕರೂರಿನಿಂದ ಬಡ್ಡಿ ಸಮೇತ ವಾಪಸು ಬಂದಿತ್ತು. ಉಚ್ಚೆಂಗೆಮ್ಮನ ಕಣ್ಣು ಎಂಥದೆಂದು ಅವನಿಗೆ ಗೊತ್ತಿರಬೇಕಿತ್ತು. ಒಮ್ಮೆ ಕರೂರಿನಲ್ಲಿ ಉಳಿದಾಗ ಅವನ ಮೊಣಕಾಲು ಹರಿದ ಪ್ಯಾಂಟು ನೋಡಿ ಅವಳು ಏನೂ ಅಂದಿರಲಿಲ್ಲ. ಬೆಳಿಗ್ಗೆ ಎದ್ದರೆ ಪ್ಯಾಂಟು ತೊಳೆದು, ಮಡಿಸಿ, ಹರಕಿಗೆ ನೀಲಿ ಬಟ್ಟೆಯ ತೇಪೆ ಹಾಕಿ ಒತ್ತೊತ್ತಾಗಿ ಹೊಲಿದು ಇಟ್ಟಿದ್ದಳು. ಬಳ್ಳಾರಿಯಲ್ಲಿ ಮಗಳ ಸಂಸಾರ ಹೇಗಿದೆಯೋ ಎಂದು ಆಮೇಲೆ ದುರ್ಗಾದೇವಿಯನ್ನು ಗುಟ್ಟಾಗಿ ಕೇಳಿದಳಂತೆ.

ಹಾಗಾದರೆ ಬೂಟನ್ನು ಅಲ್ಲಿಟ್ಟದ್ದಾದರೂ ಯಾಕೆ? ಅಲ್ಮೇರಾದಲ್ಲಿ ಸೀರೆಗಳ ಕೆಳಗೆ ಆ ಡಬ್ಬಿ ಸಿಕ್ಕ ದಿನ ದುರ್ಗಾದೇವಿ ಕೂಗಾಡಲಿಲ್ಲ. "ಕಾಲಿಗೆ ಹಾಕ್ಕಳ್ಳಾರದ ಮೆಟ್ಟು ಸೀರಿ ಜೋಡಿ ಮಕ್ಕಂಡೈತಿ ನೋಡ್ರಿ" ಎಂದಷ್ಟೇ ಹೇಳಿ, ತನ್ನ ಸೀರೆಗಳನ್ನೆಲ್ಲ ಹೊರಗೆ ತೆಗೆದು ಮಂಚದ ಮೇಲೆ ಹರಡಿ, ಅವನಿಗೆ ಮಲಗಲು ಜಾಗವಿಲ್ಲದಂತೆ ಮಾಡಿದಳು. ಅವನು ಡಬ್ಬಿಯ ನಾಲ್ಕೂ ಮೂಲೆಗೆ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ತುಂಬಿ ಕರೂರಿಗೆ ಒಯ್ದ. ಅತ್ತೆಗೆ, ಇದೊಂದು ಡಬ್ಬಿ ಇರಲಿ ಎಂದನೇ ಹೊರತು ಒಳಗೆ ಏನಿದೆಯೆಂದು ಹೇಳಲಿಲ್ಲ. ನಾಚಿಕೆಯಾಯಿತು. ಗಂಡಸೊಬ್ಬ ತನ್ನ ಬೂಟನ್ನು ಅತ್ತೆಯ ಮನೆಯಲ್ಲಿ ಬಾಣಂತನಕ್ಕೆ ಬಿಟ್ಟ ಹಾಗೆ ಬಿಟ್ಟುಬಂದ ಎಂದು ಊರು ಆಡಿಕೊಂಡೀತು. ಆಗ ಒಂದು ಮಾತು ಬಾಯಿಬಿಟ್ಟು ಹೇಳಿದ್ದರೆ ಇವತ್ತು ಈ ಬಸ್ಸು ಹತ್ತಬೇಕಾಗಿರಲಿಲ್ಲ ಎಂದುಕೊಳ್ಳುವಷ್ಟರಲ್ಲಿ ದುರ್ಗಾದೇವಿಯದೇ ಫೋನು ಬಂತು.

"ಎಲ್ಲದೀರಿ?"

"ಸಿರುಗುಪ್ಪಕ್ಕ ಹೊಂಟೀನಿ. ಒಬ್ಬ ಗಿರಾಕಿ ಅದಾನ."

"ಆ ಗಿರಾಕಿ ಎಡಗಾಲಿಗೆ ಒಂದ ಹಾಕ್ಕಂತಾನೇನು?"

ಅವಳಿಗೆ ಇದೆಲ್ಲ ಬೆಳಿಗ್ಗೆಯೇ ಗೊತ್ತಿತ್ತು. ಹಾಗಾದರೆ ಉಪ್ಪಿನಕಾಯಿ ಸಿಟ್ಟಿನದೇ.

"ನೋಡ್ರಿ," ಎಂದಳು ಅವಳು, ದನಿ ತಗ್ಗಿಸಿ, "ನಮ್ಮಪ್ಪನ್ನ ಅದನ್ನ ಬಿಚ್ಚು ಅಂತ ಕೇಳಬ್ಯಾಡ್ರಿ. ಹ್ವಾದ ಸುಗ್ಗ್ಯಾಗ ಆ ಮಷಿನ್ ಬೆಲ್ಟಿಗೆ ಬೆರಳು ಕೊಟ್ಟು ಕುಂತಿದ್ದ. ಅದನ್ನ ಮುಟ್ಟಾಕೂ ಅಂಜತಿದ್ದ. ಈ ಬೂಟು ಕಟ್ಟಿದ ಮ್ಯಾಲೆ ಧೈರ್ಯ ಬಂದೈತಿ ಅವಗ. ನೀವು ಬಿಚ್ಚಿಕ್ಯಂಡು ಬಂದು, ನಾಳಿ ಏನಾರ ಆದ್ರ ನಾನು ಯಾವ ಮಕ ಇಟ್ಕಂಡು ತವರಿಗೆ ಹೋಗ್ಲಿ?"

"ನಾನ್ಯಾಕ ಕೇಳ್ಲಿ."

"ಕೇಳ್ತೀರಿ. ನಿಮ್ಮ ದನಿಯಾಗ ಗೊತ್ತಾಗ್ತೈತಿ."

ಅವಳು ಹೇಳಿದ್ದು ಸುಳ್ಳಲ್ಲ. ಸಿರುಗುಪ್ಪ ಬರುವವರೆಗೂ ಅವನು ಹೇಗೆ ಕೇಳಬೇಕೆಂದೇ ಅಭ್ಯಾಸ ಮಾಡುತ್ತಿದ್ದ. ಮಾವಾರ, ಅದು ಘಟಕದ ಸ್ಯಾಂಪಲ್ಲು, ಸಾಹೇಬರು ಲೆಕ್ಕ ಕೇಳ್ತಾರ. ಜೀನ್ಸ್ ಘಟಕಕ್ಕೂ ಬೂಟಿಗೂ ಏನು ಸಂಬಂಧ ಎಂದರೆ? ಮಾವಾರ, ನನಗ ಕಾಲುನೋವು, ಡಾಕ್ಟರು ಅದನ್ನೇ ಹಾಕ್ಕೋ ಅಂದಾರ. ಒಂದೇ ಕಾಲಿಗೆ ಯಾಕೆ ಎಂದರೆ? ಪ್ರತಿ ಸುಳ್ಳಿನ ಕೊನೆಗೂ ಮಾವ ಪಾಲಯ್ಯನ ಉಗುರಿಲ್ಲದ ಉಂಗುರದ ಬೆರಳು ಬಂದು ನಿಲ್ಲುತ್ತಿತ್ತು. ಮಾವ ಆ ಬೆರಳನ್ನು ಯಾರಿಗೂ ತೋರಿಸುತ್ತಿರಲಿಲ್ಲ, ಊಟಕ್ಕೆ ಕೂತಾಗಲೂ ಟವೆಲ್ಲಿನ ಮರೆಯಲ್ಲಿ ಇಡುತ್ತಿದ್ದ. ಬೂಟಿಗಾಗಿ ಅಂಥ ಮನುಷ್ಯನ ಧೈರ್ಯ ಬಿಚ್ಚಿಕೊಂಡು ಬರುವುದೇ ಎಂದು ಒಂದು ಮನಸ್ಸು ಕೇಳಿತು. ಬಿಸಿಲಿಗೆ ಆ ಕೆಂಪು ಎಷ್ಟು ಮಾಸಿರಬಹುದು ಎಂದು ಇನ್ನೊಂದು ಮನಸ್ಸು ಕೇಳಿತು. ಎರಡನೆಯ ಮನಸ್ಸಿನ ದನಿ ಜೋರಾಗಿತ್ತು, ಅದಕ್ಕಾಗಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು, ಅಸಹ್ಯದ ಜೊತೆಗೇ ಚರ್ಮಕ್ಕೆ ಗ್ರೀಸು ತಾಗಿದ್ದರೆ ಯಾವುದರಿಂದ ಒರೆಸಬೇಕೆಂಬ ಯೋಚನೆಯೂ ಬಂತು.

ಸಿರುಗುಪ್ಪದಲ್ಲಿ ಇಳಿದು ಮಷಿನ್ ಓಡಿಸುವ ಜಡೆಪ್ಪನಿಗೆ ಫೋನು ಮಾಡಿದರೆ, ದೇಶನೂರಿನ ಕೊಯ್ಲು ಮುಗಿಯಿತು, ಬೆಳಿಗ್ಗೆಯೇ ಮಷಿನ್ನನ್ನು ಲಾರಿಗೆ ಹಾಕಿ ಕುರುಗೋಡಿನ ಕಡೆ ತಂದಿದ್ದೇವೆ ಎಂದ. ಎಂದರೆ ಬಂದ ದಾರಿಯಲ್ಲೇ ತೆಕ್ಕಲಕೋಟೆಯವರೆಗೆ ವಾಪಸು ಹೋಗಿ ಅಲ್ಲಿಂದ ತಿರುಗಬೇಕು. ಬಸ್ಸಿಗೆ ಹೊತ್ತಿತ್ತು. ಆಗ ಅಂಜಿನಿಗೆ ಒಂದು ಬುದ್ಧಿ ಹೊಳೆಯಿತು, ಅದು ಹೊಳೆಯಬಾರದಿತ್ತು. ಬೂಟಿನ ಜಾಗದಲ್ಲಿ ಬೇರೆ ಹಳೆಯ ಚಪ್ಪಲಿ ಕಟ್ಟಿದರೆ ಆಯಿತಲ್ಲ, ಮಾವನ ಧೈರ್ಯ ಮಾವನಿಗೆ, ಬೂಟು ತನಗೆ. ಆದರೆ ಹಳೆಯ ಚಪ್ಪಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂಬುದು ಸಿರುಗುಪ್ಪದ ಮಾರ್ಕೆಟ್ಟಿನಲ್ಲಿ ತಿರುಗಿದ ಮೇಲೆ ಗೊತ್ತಾಯಿತು. ಚಪ್ಪಲಿ ಹೊಲಿಯುವವನ ಹತ್ತಿರ ಕೇಳಿದರೆ ಅವನು ಅಂಜಿನಿಯ ಪ್ಯಾಂಟಿನ ಹರಿದ ಮೊಣಕಾಲನ್ನು ನೋಡಿ ಕನಿಕರದಿಂದ, "ಕುಂತ್ಕಳ್ರಿ, ನಿಮ್ಮದನ್ನೇ ಪುಕ್ಕಟೆ ಹೊಲಿದು ಕೊಡ್ತೀನಿ" ಎಂದ. ಕೊನೆಗೆ ಒಂದು ಜೊತೆ ಹೊಸ ಹವಾಯಿ ಚಪ್ಪಲಿ ಕೊಂಡು, ಬಸ್ ಸ್ಟ್ಯಾಂಡಿನ ಕಾಂಪೌಂಡ್ ಗೋಡೆಯ ಹಿಂದೆ ಕೂತು, ಅದರ ಎಡಗಾಲಿನದನ್ನು ಗೋಡೆಗೆ ತಿಕ್ಕತೊಡಗಿದ. ಕಸುಬಿನ ಕೈ ತಪ್ಪುವುದಿಲ್ಲ. ಅಂಚು ಸವೆಸಿದ, ಹಿಮ್ಮಡಿ ತೆಳುವಾಗಿಸಿದ, ಚರಂಡಿಯ ಪಕ್ಕದ ಮಣ್ಣು ಹಾಕಿ ಉಜ್ಜಿದ, ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಎಳೆದ. ಎಷ್ಟು ತನ್ಮಯನಾಗಿದ್ದನೆಂದರೆ ಸುತ್ತ ಜನ ನಿಂತದ್ದೇ ಗೊತ್ತಾಗಲಿಲ್ಲ. ಒಬ್ಬ ಹೆಂಗಸು ತನ್ನ ಮಗುವನ್ನು ಹಿಂದಕ್ಕೆಳೆದುಕೊಂಡು, "ಪಾಪ, ನೋಡಾಕ ನೆಟ್ಟಗದಾನ" ಎಂದಳು. ಬಾಯಲ್ಲಿ ಚಪ್ಪಲಿಯ ಪಟ್ಟಿ ಇದ್ದುದರಿಂದ ಅವನಿಗೆ ಉತ್ತರ ಕೊಡಲಾಗಲಿಲ್ಲ.

ಕುರುಗೋಡಿನಲ್ಲಿ ದೊಡ್ಡಬಸಪ್ಪನ ಗುಡಿಯ ಬಳಿ ಇಳಿದು, ಜಡೆಪ್ಪ ಹೇಳಿದ ಗದ್ದೆಗೆ ನಡೆದು ಹೋಗುವಾಗ ಮಷಿನ್ನಿನ ಸದ್ದು ಮೊದಲು ಕೇಳಿಸಿತು, ಆಮೇಲೆ ಧೂಳು ಕಂಡಿತು, ಆಮೇಲೆ ಧೂಳಿನೊಳಗೆ ಒಂದು ಕೆಂಪು ಚುಕ್ಕೆ. ಮಷಿನ್ನಿನ ಬೆನ್ನಿಗೆ, ನಿಂಬೆಹಣ್ಣು ಮೆಣಸಿನಕಾಯಿಗಳ ಪಕ್ಕ, ತನ್ನದೇ ಲೇಸಿನಿಂದ ಕಟ್ಟಿಸಿಕೊಂಡು ಅವನ ಎಡಗಾಲಿನ ಜೋರ್ಡನ್ ತಲೆಕೆಳಗಾಗಿ ತೂಗುತ್ತಿತ್ತು. ಮೂತಿಗೆ ಕಾಡಿಗೆಯ ಬೊಟ್ಟು. ಭತ್ತದ ಹೊಟ್ಟು ಹೊಲಿಗೆಯ ಸಂದಿಗಳಲ್ಲೆಲ್ಲ ಕೂತಿತ್ತು. ಅದು ಆಚೆ ಈಚೆ ತೂಗಾಡುವುದನ್ನು ನೋಡಿ ಅಂಜಿನಿ ನಡಿಗೆ ಬಿರುಸು ಮಾಡಿದ, ಆದರೂ ಬಿಸಿಲಿನಲ್ಲಿ ಅದು ಡಬ್ಬಿಯಲ್ಲಿದ್ದಾಗಿನದಕ್ಕಿಂತ ಚೆನ್ನಾಗಿ ಕಾಣುತ್ತಿದೆ ಎಂಬುದನ್ನು ಅವನು ತನ್ನಲ್ಲೇ ಒಪ್ಪಿಕೊಳ್ಳಬೇಕಾಯಿತು.

"ಬಂದ್ ಮಾಡ್ಲೇ ಜಡೆಪ್ಪ, ಅಳಿಯಾರು ಬಂದ್ರು" ಎಂದು ಪಾಲಯ್ಯ ಮಷಿನ್ನಿನಿಂದ ಇಳಿದು ಬಂದ. ಹವಾಯಿ ಚಪ್ಪಲಿ, ಮೊಣಕಾಲಿನವರೆಗೆ ಕಟ್ಟಿದ ಪಂಚೆ, ಹೆಗಲಿಗೆ ಟವೆಲ್ಲು. ಬೆರಳನ್ನು ಮುಚ್ಚಿಕೊಳ್ಳುವುದನ್ನು ಮರೆತಿದ್ದ. "ಬಿಸಿಲಾಗ ಯಾಕ ಬಂದ್ರಿ? ನೋಡ್ರಿ, ಎಲ್ಲಾ ನಿಮ್ಮ ಬೂಟಿನ ಪುಣ್ಯ. ಕೆಸರಾಗ ಸೈತ ನಿಂತಿಲ್ಲ ಇದು."

ಅಂಜಿನಿ ಚೀಲದಿಂದ ಚಪ್ಪಲಿ ತೆಗೆದ. ಅಭ್ಯಾಸ ಮಾಡಿದ ಮಾತುಗಳೆಲ್ಲ ಬಿಟ್ಟುಹೋಗಿ, "ಆ ಬೂಟು ಭಾಳ ವಜ್ಜಿ ಆಗ್ತೈತಿ ಮಾವಾರ, ಮಷಿನ್ನಿಗೆ. ಇದು ಹಗುರೈತಿ" ಎಂಬ ಮಾತು ಹೊರಗೆ ಬಂತು. ಟನ್‌ಗಟ್ಟಲೆ ಕಬ್ಬಿಣದ ಮಷಿನ್ನನ್ನು ಜಡೆಪ್ಪ ಒಮ್ಮೆ ಮೇಲಿಂದ ಕೆಳಗೆ ನೋಡಿದ. ಪಾಲಯ್ಯ ಮಾತ್ರ ನಗದೆ ಚಪ್ಪಲಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿದ.

"ಯಾರದಿದು?"

"ನಂದ್ರಿ."

"ನೀವು ನಡದಿದ್ದಲ್ಲ. ಹೆಬ್ಬೆಟ್ಟಿನ ತಗ್ಗಿಲ್ಲ, ಹಿಮ್ಮಡದ ಕಲಿಯಿಲ್ಲ. ಯಾರೋ ಗ್ವಾಡಿಗೆ ತಿಕ್ಕ್ಯಾರ. ಅಂಗಡ್ಯಾನು ಮೋಸ ಮಾಡ್ಯಾನ ನಿಮಗ." ಅಳಿಯನ ಕೈಗೆ ಅದನ್ನು ವಾಪಸು ಕೊಟ್ಟ. "ದೃಷ್ಟಿಗೆ ನಡದ ಮೆಟ್ಟೇ ಆಗಬೇಕ್ರಿ. ಹೊಸಾದು ಕಟ್ಟಿದ್ರ ಉಲ್ಟಾ, ಇಲ್ಲದ ಕಣ್ಣ ಕರಕಂಡು ಬರತೈತಿ."

ಆಟದಲ್ಲಿ ಎದುರಿನವರ ನಡುವೆ ಒಮ್ಮೊಮ್ಮೆ ಇದ್ದಕ್ಕಿದ್ದಂತೆ ಒಂದು ಸಂದಿ ಕಾಣುತ್ತದೆ, ಯೋಚಿಸುವ ಮೊದಲೇ ಕಾಲು ಅತ್ತ ಓಡಿರುತ್ತದೆ. "ಹಂಗಾದ್ರ ಅದೂ ನಡದಿದ್ದಲ್ಲ ಮಾವಾರ" ಎಂದುಬಿಟ್ಟ ಅಂಜಿನಿ, ಬೂಟಿನತ್ತ ಕೈ ತೋರಿಸಿ. ಹೇಳಿದ ಮೇಲೆ, ಮಾವನ ಮೇಲಿನ ಕಾಳಜಿಯಿಂದ ನಿಜ ಹೇಳಿದೆ ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದ, ಆಗಲಿಲ್ಲ. ಪಾಲಯ್ಯನ ಮುಖದ ನೆತ್ತರು ಇಳಿದುಹೋಗಿತ್ತು. ಇಷ್ಟು ದಿನ ತನ್ನನ್ನು ಕಾಯುವವರು ಯಾರೂ ಇರಲಿಲ್ಲವೆಂದು ಈಗ ಗೊತ್ತಾದವನಂತೆ ಅವನು ಮಷಿನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ, ಉಗುರಿಲ್ಲದ ಬೆರಳು ತಾನಾಗಿ ಟವೆಲ್ಲಿನೊಳಗೆ ಸೇರಿತು. ಅಂಜಿನಿಗೆ ತಾನು ಮಾಡಿದ್ದು ಕೆಟ್ಟದ್ದೆಂದು ಸ್ಪಷ್ಟವಾಗಿ ಅನ್ನಿಸಿತು.

"ಹಳೇದಲ್ಲೇನು? ಚರ್ಮ ಒಡದೈತಲ್ರಿ."

"ಒಡದಂಗ ಮಾಡಿರ್ತಾರ್ರಿ. ಹೊಸಾದನ್ನ. ನಾವು ಪ್ಯಾಂಟಿಗೆ ಮಾಡಲ್ಲೇನು, ಹಂಗ."

"ಮತ್ತ ಅದನ್ನ ಹಾಕ್ಕಳಾದು ಯಾವಾಗ?"

"ಹಾಕ್ಕಳಾದಲ್ರಿ. ಇಡಾದು."

"ಇಟ್ಟು?"

"ನೋಡಾದು."

ಪಾಲಯ್ಯ ಯೋಚಿಸಿದ. "ಅಟ್ಟದ ಮ್ಯಾಲಿಟ್ರ ಯಾರು ನೋಡ್ತಾರ್ರಿ?" ಎಂದು ಕೇಳಿದ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ. ಅಂಜಿನಿ ಕೈಯಲ್ಲಿದ್ದ ಚಪ್ಪಲಿಯನ್ನು ಚೀಲಕ್ಕೆ ತುರುಕಿದ. ಪಾಲಯ್ಯನೇ ದಾರಿ ಹುಡುಕಿದ. "ಚಿಂತಿಲ್ಲ. ಈಗ ಹಾಕ್ಕಂಡು ಗದ್ದಿ ಒಂದು ಸುತ್ತು ಬರ್ರಿ. ನಡದಂಗಾತು. ಮತ್ತ ಕಟ್ಟಿಬಿಡಾಮು."

ಜಡೆಪ್ಪ ಬೂಟನ್ನು ಬಿಚ್ಚಿ ತಂದ. ಅಂಜಿನಿ ಬದುವಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಅದರೊಳಗೆ ಕಾಲಿಟ್ಟ. ಬೆರಳು ಹೋದವು, ಪಾದ ನಿಂತಿತು. ದಬ್ಬಿದ, ಎದ್ದು ನಿಂತು ತುಳಿದ, ಬಗ್ಗಿ ಎಳೆದ. ಹಿಮ್ಮಡಿ ಹೊರಗೇ ಉಳಿಯಿತು. ಚೀಟಿ ಎದ್ದಾಗ ಉಳಿದಿದ್ದ ಅಳತೆ ಇದೊಂದೇ, ತನ್ನ ಕಾಲಿಗಿಂತ ಚಿಕ್ಕದೆಂದು ಅವನಿಗೆ ಅವತ್ತೇ ಗೊತ್ತಿತ್ತು, ಅದು ಕೊರತೆಯೆಂದು ಮಾತ್ರ ಈ ಗಳಿಗೆಯವರೆಗೆ ಅನ್ನಿಸಿರಲಿಲ್ಲ. ಹಾಕಿಕೊಳ್ಳದ ಬೂಟಿಗೆ ಅಳತೆ ಯಾಕೆ? ಬೆವರು ಇಳಿಯಿತು. ಜಡೆಪ್ಪ ಬೇರೆ ಕಡೆ ಮುಖ ಮಾಡಿ ಬೀಡಿ ಹಚ್ಚಿದ, ಅವನ ಹೆಗಲು ಕುಲುಕುತ್ತಿತ್ತು.

"ನಿಮ್ಮ ಬೂಟು ನಿಮಗ ಹಿಡ್ಯಂಗಿಲ್ಲೇನು?" ಎಂದ ಪಾಲಯ್ಯ. ಅದರಲ್ಲಿ ಕುಚೋದ್ಯವಿರಲಿಲ್ಲ, ಮರುಕವಿತ್ತು, ಅದೇ ಹೆಚ್ಚು ಚುಚ್ಚಿತು.

"ತರ್ರಿ ಇಲ್ಲಿ" ಎಂದು ಪಾಲಯ್ಯ ಬೂಟನ್ನು ತೆಗೆದುಕೊಂಡು, ತನ್ನ ಎಡಪಾದವನ್ನು ಬಲಗಾಲಿನ ಮೀನಖಂಡಕ್ಕೆ ಒರೆಸಿ, ಒಳಗಿಟ್ಟ. ಕಾಲು ಸಲೀಸಾಗಿ ಹೋಗಿ ಕೂತಿತು. ಅವನು ಒಂದು ಹೆಜ್ಜೆ ಹಾಕಿ ನಿಂತ. ಇನ್ನೊಂದು ಹಾಕಿದ. ಆಮೇಲೆ ಯಾರ ಕಡೆಗೂ ನೋಡದೆ, ಒಂದು ಕಾಲಲ್ಲಿ ಹವಾಯಿ, ಒಂದು ಕಾಲಲ್ಲಿ ಜೋರ್ಡನ್, ಭತ್ತದ ಕೂಳೆ ತುಳಿಯುತ್ತ ಆಚೆಯ ಬದುವಿನವರೆಗೆ ನಡೆದುಹೋದ. ಅಂಜಿನಿಯ ಕಣ್ಣು ಬೂಟಿನ ಮೂತಿಯ ಮೇಲೇ ಇತ್ತು. ಪ್ರತಿ ಹೆಜ್ಜೆಗೂ ಬೆರಳಿನ ಮೇಲಿನ ಬಿಳಿ ಚರ್ಮದಲ್ಲಿ ಒಂದು ಗೆರೆ ಮೂಡುತ್ತಿತ್ತು, ಮೂಡಿ ಮಾಯುತ್ತಿತ್ತು, ಕೊನೆಗೆ ಮಾಯಲಿಲ್ಲ. ಸಂಗ್ರಹಿಸುವವರ ಲೋಕದಲ್ಲಿ ಆ ಗೆರೆ ಬಿದ್ದ ಜೋಡಿಗೆ ಮೊದಲಿನ ಮರ್ಯಾದೆಯಿಲ್ಲ. ಮುಗಿಯಿತು ಎಂದುಕೊಂಡ. ಮುಗಿದ ಮೇಲೆ ಎದೆಯಲ್ಲಿ ನೋವಾಗಬೇಕಿತ್ತು, ಅದನ್ನೇ ಕಾಯುತ್ತ ನಿಂತ. ಅಷ್ಟರಲ್ಲಿ ಮಾವ ಆಚೆಯ ಬದುವಿನಲ್ಲಿ ತಿರುಗಿದ. ಅವನು ನಗುತ್ತಿದ್ದ. ಮದುವೆಯಾದಾಗಿನಿಂದ ಅಂಜಿನಿ ಅವನ ಅಷ್ಟು ಹಲ್ಲುಗಳನ್ನು ನೋಡಿರಲಿಲ್ಲ.

"ಮೆತ್ತಗೈತ್ರಿ" ಎಂದ ವಾಪಸು ಬಂದು. "ಕೂಳಿ ಚುಚ್ಚಂಗಿಲ್ಲ." ಆಮೇಲೆ ಕೂತು, ಲೇಸು ಬಿಚ್ಚಿ, ಬೂಟನ್ನು ಬದುವಿಗೆ ಬಡಿದು ಮಣ್ಣು ಉದುರಿಸಿ, ಟವೆಲ್ಲಿನಿಂದ ಒರೆಸಿ ಅಳಿಯನ ಕೈಗಿಟ್ಟ. "ತಗೋರಿ. ಇದು ಕಟ್ಟೋ ಸಾಮಾನಲ್ಲ. ನಮ್ಮಾಕಿಗೆ ಗೊತ್ತಾಗಿಲ್ಲ, ತಪ್ಪು ತಿಳಕಬ್ಯಾಡ್ರಿ." ತನ್ನ ಎಡಗಾಲಿನ ಹವಾಯಿಯನ್ನು ಎತ್ತಿ ಜಡೆಪ್ಪನಿಗೆ ಕೊಟ್ಟ. "ಇದನ್ನ ಕಟ್ಟಲೇ. ಇದು ನಡದೈತಿ."

ಜಡೆಪ್ಪ ಕಟ್ಟಿದ. ಪಾಲಯ್ಯ ಒಂದು ಬರಿಗಾಲಿನಲ್ಲಿ ಕೂಳೆಯ ಮೊನೆಗಳ ನಡುವೆ ಜಾಗ ನೋಡಿ ನೋಡಿ ಹೆಜ್ಜೆ ಇಡುತ್ತ ಮಷಿನ್ನಿನ ಕಡೆ ಹೊರಟ. ಬಂದದ್ದು ಯಾವುದಕ್ಕೋ ಅದು ಅಂಜಿನಿಯ ಕೈಯಲ್ಲಿತ್ತು. ಇನ್ನು ಬಸ್ಸು ಹತ್ತಬಹುದಿತ್ತು. ಬೂಟಿನ ಒಳಗೆ ಕೈಯಿಟ್ಟರೆ ಮಾವನ ಕಾಲಿನ ಬಿಸಿ ಇನ್ನೂ ಇತ್ತು, ಅದು ತಾಗಿದ್ದೇ ತಡ ಅವನಿಗೆ ಬಹಳ ನಾಚಿಕೆಯಾಯಿತು. ಓಡಿಹೋಗಿ ಮಾವನ ಮುಂದೆ ಮೊಣಕಾಲೂರಿ ಕೂತ, ಹರಿದ ಜೀನ್ಸಿನೊಳಗೆ ಕೂಳೆ ಚುಚ್ಚಿತು.

"ಹಾಕ್ಕಳ್ರಿ ಮಾವಾರ."

"ಇಡೋ ಸಾಮಾನಂದ್ರಲ್ಲ."

"ಇಟ್ಟಿದ್ದು ಸಾಕು. ಸಂಜಿಕ ಕರೂರಿಂದ ಇನ್ನೊಂದು ತಂದು ಕೊಡ್ತೀನಿ."

ಪಾಲಯ್ಯ ಕಾಲು ಹಿಂದಕ್ಕೆಳೆದುಕೊಂಡ. ಮದುವೆಯ ದಿನ ತಟ್ಟೆಯಲ್ಲಿ ಅಳಿಯನ ಕಾಲು ತೊಳೆದವನು ಅವನು. ಅಳಿಯ ತನ್ನ ಕಾಲು ಮುಟ್ಟುವುದೆಂದರೆ ಯಾವ ಲೆಕ್ಕದಲ್ಲೂ ಸರಿಯಲ್ಲ. "ಬ್ಯಾಡ್ರಿ, ಜನ ನೋಡ್ತಾರ" ಎಂದ. ಅಂಜಿನಿ ಬಿಡಲಿಲ್ಲ, ಆ ಕಾಲನ್ನು ಹಿಡಿದು, ಬೂಟಿಗೆ ಸೇರಿಸಿ, ಲೇಸನ್ನು ಒಂದೊಂದೇ ತೂತಿನಲ್ಲಿ ಬಿಗಿ ಮಾಡಿ ಗಂಟು ಹಾಕಿದ. ಪಾಲಯ್ಯ ನಾಚಿಕೊಂಡು ಆಕಾಶ ನೋಡುತ್ತ ನಿಂತಿದ್ದ.

ಮಷಿನ್ ಮತ್ತೆ ಶುರುವಾಯಿತು. ಪಾಲಯ್ಯ ಜಡೆಪ್ಪನ ಪಕ್ಕ ಹತ್ತಿ ಕೂತು ಎಡಗಾಲನ್ನು ಹೊರಗಿನ ಮೆಟ್ಟಿಲ ಮೇಲೆ ಚಾಚಿದ. ಧೂಳಿನ ನಡುವೆ ಆ ಕೆಂಪು ಮುಂದೆ ಮುಂದೆ ಹೋಗುತ್ತಿತ್ತು. ರಸ್ತೆಯಲ್ಲಿ ಹೊರಟಿದ್ದ ಬೈಕಿನವರಿಬ್ಬರು ನಿಂತು ನೋಡಿದರು. "ಏನ್ ಬೂಟಲೇ ಅದು, ಆ ಮುದುಕಗ" ಎಂದ ಒಬ್ಬ, ಇನ್ನೊಬ್ಬ ಮೊಬೈಲು ತೆಗೆದ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹೆಂಗಸೂ ನಿಂತಳು. ಅಂಜಿನಿಗೆ ಮೊದಲು ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ, ಜನ್ಮದಲ್ಲಿ ಎಂದೂ ಇಲ್ಲದ ಒಂದು ಭಯ ಹುಟ್ಟಿತು: ಇಷ್ಟು ಜನ ಹೀಗೆ ಒಂದೇ ಸಮನೆ ನೋಡಿದರೆ ಮಾವನ ಗತಿ ಏನು? ಅವನು ಅತ್ತಿತ್ತ ನೋಡಿ ಬಗ್ಗಿದ. ಗದ್ದೆಯ ಮೆತ್ತನೆ ಮಣ್ಣಿನಲ್ಲಿ ಬೂಟಿನ ಅಡಿಯ ಸುತ್ತುಗೆರೆಗಳು ಅಚ್ಚಾಗಿ ಮೂಡಿದ್ದವು. ಅಲ್ಲಿಂದಲೇ ಒಂದು ಚಿಟಿಕೆ ಮಣ್ಣು ತೆಗೆದು, ಮಾವ ಹೋಗುತ್ತಿದ್ದ ದಿಕ್ಕಿಗೆ ಕೈ ಚಾಚಿ ಸುತ್ತು ಬರಿಸಿ, ಥೂ ಥೂ ಎಂದು ಉಗಿದು, ರಸ್ತೆಯ ಕಡೆ ಎಸೆದ. ಅಷ್ಟರಲ್ಲಿ ಇನ್ನೊಂದು ಬೈಕು ಬಂದು ನಿಂತಿತು. ಒಂದು ಚಿಟಿಕೆ ಸಾಲದೇನೋ ಎನಿಸಿ, ಅವನು ಬಗ್ಗಿ ಈ ಸಲ ಒಂದು ಹಿಡಿ ತೆಗೆದುಕೊಂಡ.